ಚೆನ್ನೈ ಮಹಡಿಯಲ್ಲಿ ವಿಸ್ಟೀರಿಯಾ ಬೋನ್ಸಾಯ್ ಅರಳೀತೇ?

ಕುಂಡದಲ್ಲಿ ಬದುಕೀತು, ಹೂ ಬಿಡುವುದು ಕಷ್ಟ. ವಿಸ್ಟೀರಿಯಾ ಚೀನಾ, ಜಪಾನಿನ ಬಳ್ಳಿ. ಎಲೆ ಉದುರಿಸಿ ಚಳಿಗಾಲ ಕಳೆದ ಮೇಲೆಯೇ ನೇರಳೆ ಗೊಂಚಲು ಇಳಿಬಿಡುತ್ತದೆ. ಚೆನ್ನೈನಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಬೀಜದಿಂದ ಬೆಳೆಸಿದರಂತೂ ಚಳಿನಾಡಿನಲ್ಲೇ ಹೂವಿಗೆ 10 ವರ್ಷ ದಾಟಬಹುದು. ಅದಕ್ಕೇ ಅಲ್ಲಿನವರು ತೋಟದ ಹಳೆಯ ಬಳ್ಳಿಯ ದಪ್ಪ ಬುಡವನ್ನೇ ಮೊಟಕುಗೊಳಿಸಿ ಕುಂಡಕ್ಕೆ ಇಳಿಸುತ್ತಾರೆ.

ಈ ಉಪಾಯಕ್ಕೆ ಚೆನ್ನೈನಲ್ಲಿ ಹೇಳಿಮಾಡಿಸಿದ್ದು ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ.

ಬಲಿತ ಕಡ್ಡಿಯೂ ಬೇರೂರುತ್ತದೆ. ದಿನವಿಡೀ ಬಿಸಿಲು, ನೀರು ಬಸಿದುಹೋಗುವ ಮಣ್ಣು ಬೇಕು. ಮೇಲ್ಮಣ್ಣು ಒಣಗಿದ ಮೇಲೆ ನೀರುಣಿಸಿದರೆ ಬಣ್ಣ ತುಂಬುತ್ತದೆ. ಆ ಬಣ್ಣ ಎಲೆಗಳದು, ನಿಜವಾದ ಹೂ ನಡುವಿನ ಪುಟ್ಟ ಬಿಳಿ ಕೊಳವೆ! ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಕುಂಡದ ತೂತು ಕಟ್ಟಿಕೊಂಡರೆ ಬೇರು ಕೊಳೆಯುತ್ತದೆ. ಬುಡಕ್ಕೆ ಆಕಾರ ಕೊಡುವ ಬಗೆ ತಿಳಿಯಲು, ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿನ ಬೋನ್ಸಾಯ್ ತೋಟದಲ್ಲಿ ಕಾಂಡಗಳ ತಿರುವನ್ನು ಗಮನಿಸಿ ನೋಡಬೇಕು.