ಸೂತ್ರ ಬಂತು, ಅರ್ಥ ಬರಲಿಲ್ಲ

ಕೆಲವು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜೊಂದರಲ್ಲಿ ಬಹುಚರ ಸಂಖ್ಯಾಶಾಸ್ತ್ರ ಬೋಧಿಸುತ್ತಿದ್ದೆ. ‘ಮಹಾಲನೋಬಿಸ್ ದೂರ’ದ ಸೂತ್ರವನ್ನು ಇಡೀ ತರಗತಿ ತಪ್ಪಿಲ್ಲದೆ ಬರೆದಿತ್ತು. ‘ಇದರಲ್ಲಿ ಮಾತೃಕೆಯ ವಿಲೋಮ ಏಕೆ ಬೇಕು?’ ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಆ ಮೌನಕ್ಕೆ ವಿದ್ಯಾರ್ಥಿಗಳಲ್ಲ, ನಾನೇ ಹೊಣೆ. ಕಲಿಸಿದ್ದು ಲೆಕ್ಕವನ್ನು, ಅದರ ಅರ್ಥವನ್ನಲ್ಲ.

ದಾರಿ ತೋರಿದ್ದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ. ಅಲ್ಲಿ ರೀಲರ್‌ಗಳು ಗೂಡನ್ನು ಅಂಗೈಯಲ್ಲಿಟ್ಟು, ಬೆರಳಿನಿಂದ ಒತ್ತಿ ನೋಡುತ್ತಾರೆ. ಅವರಿಗೆ ತೂಕವೊಂದೇ ಸಾಲದು. ಅದರಲ್ಲಿ ಹುಳುವಿನ ಪಾಲೆಷ್ಟು, ರೇಷ್ಮೆಯ ಪಾಲೆಷ್ಟು ಎಂಬುದು ಮುಖ್ಯ.

ಮರುದಿನ ತರಗತಿಯಲ್ಲಿ ಒಂದು ಉದಾಹರಣೆ ಇಟ್ಟೆ. ಗೂಡುಗಳ ಸರಾಸರಿ ತೂಕ 1.75 ಗ್ರಾಂ, ಹೊರಕವಚದ್ದು 0.35 ಗ್ರಾಂ ಎನ್ನೋಣ. ಗೂಡು ಭಾರವಾದಂತೆ ಕವಚವೂ ಭಾರವಾಗುವುದು ರೂಢಿ. ಈಗ 2 ಗ್ರಾಂನ ಎರಡು ಗೂಡುಗಳು: ಒಂದರ ಕವಚ 0.40 ಗ್ರಾಂ, ಇನ್ನೊಂದರದು 0.30 ಗ್ರಾಂ. ಗ್ರಾಫ್ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟರೆ ಎರಡೂ ಸರಾಸರಿಯಿಂದ ಒಂದೇ ದೂರ. ಆದರೆ ಮೊದಲನೆಯದು ರೂಢಿಯ ಜಾಡಿನಲ್ಲೇ ಇದೆ. ಎರಡನೆಯದು ಜಾಡು ತಪ್ಪಿದೆ. ಬಿಡಿಬಿಡಿಯಾಗಿ ನೋಡಿದರೆ ಕಾಣದ ದೋಷ ಒಟ್ಟಿಗೆ ನೋಡಿದಾಗ ಕಾಣುತ್ತದೆ. ಎರಡು ಅಳತೆಗಳು ಹೇಳುವ ಒಂದೇ ಸಂಗತಿಯನ್ನು ಎರಡು ಸಲ ಎಣಿಸದಂತೆ ತಡೆಯುವುದೇ ವಿಲೋಮದ ಕೆಲಸ. ‘ನಮ್ಮಪ್ಪ ಇದನ್ನ ಕೈಯಲ್ಲೇ ಹೇಳ್ತಾರೆ ಸರ್’ ಎಂದಳು ಹಿಪ್ಪುನೇರಳೆ ಬೆಳೆಯುವ ಮನೆಯ ಹುಡುಗಿ.

ಈ ಶಾಸ್ತ್ರ ಬೆಳೆದದ್ದೂ ಹೀಗೆಯೇ. 1936ರಲ್ಲಿ ಈ ದೂರದ ಕಲ್ಪನೆಯನ್ನು ಮಂಡಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅದಕ್ಕೂ ಮುನ್ನ ಮನುಷ್ಯರ ದೇಹದ ಅಳತೆಗಳನ್ನು ಅಭ್ಯಸಿಸಿದ್ದರು. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಜನಿಸಿದ ಸಿ.ಆರ್. ರಾವ್, ಕೇಂಬ್ರಿಜ್‌ನಲ್ಲಿ ಸುಡಾನಿನ ಜೆಬೆಲ್ ಮೋಯಾದ ಪುರಾತನ ಅಸ್ಥಿಗಳ ಅಳತೆಗೆ ಅದನ್ನೇ ಬಳಸಿದರು. ಅವರಿಗೆ ಮೊದಲು ಪ್ರಶ್ನೆ ಇತ್ತು, ಅನಂತರ ಸೂತ್ರ ಬಂತು. ನಾವು ಸೂತ್ರ ಕೊಟ್ಟು ಪ್ರಶ್ನೆಯನ್ನೇ ಮರೆಸುತ್ತಿದ್ದೇವೆ.

ಪಠ್ಯ ಮುಗಿಸಲು ಸಮಯವಿಲ್ಲವೆಂಬ ಸಹೋದ್ಯೋಗಿಗಳ ಅಳಲು ಸುಳ್ಳಲ್ಲ. ಆದರೆ ಲೆಕ್ಕವನ್ನು ಇಂದು ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ. ಉತ್ತರ ಏನು ಹೇಳುತ್ತಿದೆ ಎಂಬುದನ್ನು ಮನುಷ್ಯನೇ ತಿಳಿಯಬೇಕು. ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕವಿಲ್ಲದ, ‘ಏಕೆ’ ಎಂದು ಕೇಳುವ ಒಂದು ಪ್ರಶ್ನೆಯಾದರೂ ಕಡ್ಡಾಯವಾಗಲಿ. ಪರೀಕ್ಷೆ ಕೇಳಿದರೆ ತರಗತಿಯೂ ಕೇಳತೊಡಗುತ್ತದೆ.