ನಿಮಗಿದು ಗೊತ್ತೆ? ಬಿದ್ದ ಮರವೂ ತಿರುಗಿ ಬಡಿಯುತ್ತದೆ!

ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮರ ಉರುಳಿದರೆ, ಹಿಂದೆಯೇ ಚೈನ್ ಗರಗಸದ ಸದ್ದು. ಬಿದ್ದ ಮರ ಕತ್ತರಿಸುವ ಆ ಕೆಲಸದ ಅಪಾಯಗಳು, ವಹಿಸಬೇಕಾದ ಎಚ್ಚರಗಳು ಇವು:

● ಕಾರು, ಕಾಂಪೌಂಡಿನ ಮೇಲೆ ಬಾಗಿ ನಿಂತ ಕೊಂಬೆ ಬಿಲ್ಲಿನಂತೆ ಬಿಗಿದಿರುತ್ತದೆ. ಒಂದು ಬದಿ ಒತ್ತಿಕೊಂಡು, ಇನ್ನೊಂದು ಬದಿ ಜಗ್ಗಿಕೊಂಡಿರುತ್ತದೆ. ಒತ್ತಿಕೊಂಡ ಬದಿಯನ್ನು ಮೊದಲು ತುಸುವೇ ಕೊಯ್ದು, ಆಮೇಲೆ ಜಗ್ಗಿದ ಬದಿಯನ್ನು ಕೊಯ್ಯಬೇಕು. ಮೊದಲೇ ಜಗ್ಗಿದ ಬದಿಗೆ ಗರಗಸ ಇಟ್ಟರೆ ಕೊಂಬೆ ಸಿಡಿಯಬಹುದು. ಒತ್ತಿದ ಬದಿಯಲ್ಲಿ ಆಳಕ್ಕಿಳಿದರೆ ಅಲಗು ಸಿಕ್ಕಿಕೊಳ್ಳುತ್ತದೆ.

● ಬೇರುಸಮೇತ ಬಿದ್ದ ಮರದ ಕಾಂಡ ಕತ್ತರಿಸಿದೊಡನೆ, ಭಾರ ತಪ್ಪಿದ ಬುಡ ಥಟ್ಟನೆ ಗುಂಡಿಗೆ ಮರಳಬಹುದು. ಬೇರಿನ ಹಿಂದೆ, ಗುಂಡಿಯಲ್ಲಿ ಯಾರೂ ನಿಲ್ಲಬಾರದು.

● ಪೂರ್ಣ ವೇಗದಲ್ಲಿ ಗರಗಸದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಲಗಿನ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಗರಗಸ ಮುಖದತ್ತ ಎಗರುತ್ತದೆ. ಇದೇ ‘ಕಿಕ್‌ಬ್ಯಾಕ್’. ಆದ್ದರಿಂದ ಎರಡೂ ಕೈಯಲ್ಲಿ ಹಿಡಿಯಬೇಕು, ಹೆಗಲಿಗಿಂತ ಮೇಲೆ ಎತ್ತಬಾರದು, ಸರಪಳಿಯನ್ನು ತಡೆದು ನಿಲ್ಲಿಸುವ ಚೈನ್ ಬ್ರೇಕ್ ಸರಿಯಿರಬೇಕು.

● ಹೆಲ್ಮೆಟ್, ಮುಖದ ಜಾಲರಿ, ಕಿವಿ ಮುಚ್ಚುವ ಸಾಧನ, ಗಟ್ಟಿ ಬೂಟು ಬೇಕೇಬೇಕು. ಕಾಲಿಗೆ ಕಟ್ಟುವ ವಿಶೇಷ ಕವಚದ ಎಳೆಗಳು ಸರಪಳಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸಲು ನೆರವಾಗುತ್ತವೆ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಸಲ್ಲದು.

● ಒದ್ದೆ ಮರದಲ್ಲಿ ಕರೆಂಟ್ ಹರಿಯುತ್ತದೆ. ಕೊಂಬೆಯಲ್ಲಿ ವಿದ್ಯುತ್ ತಂತಿ ಸಿಕ್ಕಿದ್ದರೆ ವಿದ್ಯುತ್ ಕಂಪನಿ ಬೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಲೈನ್ ಆಫ್ ಆಗಿದೆ ಎಂದು ಅವರೇ ಖಚಿತಪಡಿಸುವವರೆಗೆ ಗರಗಸ ಚಾಲೂ ಮಾಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

● ರಸ್ತೆ ಬೇಗ ತೆರೆಯಲಿ ಎಂದು ಕೆಲಸಗಾರರನ್ನು ಅವಸರಪಡಿಸಬೇಡಿ. ಒಂದು ಗಂಟೆ ತಡವಾದರೂ ಚಿಂತೆಯಿಲ್ಲ, ಅವರು ಕ್ಷೇಮವಾಗಿ ಮನೆ ಸೇರಬೇಕು.