ಜ್ವರಕ್ಕೆ ಮೊದಲೇ ರಕ್ತ ನುಡಿಯುವುದೆ?

ಆಸ್ಪತ್ರೆಯಿಂದ ಮರಳಿದವರನ್ನು ಕಾಣಲು ಹಣ್ಣು ಹಿಡಿದು ಹೋಗುವುದು ನಮ್ಮ ಸೀಮೆಯ ರೂಢಿ. ಬಾಡಗಂಡಿಯಿರಲಿ, ಮುಧೋಳವಿರಲಿ, ಹೋಗದಿದ್ದರೆ ಬೀಗರು ಮುನಿಯುತ್ತಾರೆ. ಆದರೆ ಅಸ್ಥಿಮಜ್ಜೆಯ ಆಕರಕೋಶಗಳ ಕಸಿ ಮಾಡಿಸಿಕೊಂಡು ಬಂದವರ ಮನೆಯಲ್ಲಿ ಈ ಅಕ್ಕರೆಯೇ ಅಪಾಯ ತರಬಲ್ಲದು. ಅದು ಹೇಗೆಂಬುದನ್ನೂ, ಅಪಾಯದ ಸುಳಿವನ್ನು ರಕ್ತಪರೀಕ್ಷೆ ಎಷ್ಟರಮಟ್ಟಿಗೆ ಕೊಡಬಲ್ಲದೆಂಬುದನ್ನೂ ವಾಚಕರ ಮುಂದಿಡಬಯಸುತ್ತೇವೆ.

ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ ಮೊದಲಾದ ವ್ಯಾಧಿಗಳಿಗೆ ಈ ಚಿಕಿತ್ಸೆಯುಂಟು. ಇದಕ್ಕೆ ದಾರಿ ತೆರೆದ ಅಮೆರಿಕದ ಡಾ. ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ದೇಶದಲ್ಲಿ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಈಗ ಬೆಂಗಳೂರಿನಲ್ಲಿಯೂ ಆಗುತ್ತಿದೆ.

ಬಿತ್ತುವ ಮುನ್ನ ಹೊಲ ಹರಗುವಂತೆ, ಕಸಿಗೆ ಮುನ್ನ ಉಗ್ರ ಔಷಧಿಗಳಿಂದ ಹಳೆಯ ಮಜ್ಜೆಯನ್ನು ಬರಿದುಗೊಳಿಸುವರು. ಹೊಸ ಕೋಶಗಳು ಬೇರೂರಲು ಎರಡರಿಂದ ನಾಲ್ಕು ವಾರ ಬೇಕು. ಆ ಅವಧಿಯಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಪ್ರತಿ ಮೈಕ್ರೊಲೀಟರ್ ರಕ್ತದಲ್ಲಿ 500ಕ್ಕಿಂತಲೂ ಕೆಳಗಿಳಿಯುತ್ತವೆ. ಕೀವು, ಬಾವುಗಳನ್ನು ಉಂಟುಮಾಡುವವು ಈ ಕಣಗಳೇ ಆದ್ದರಿಂದ, ಸೋಂಕು ಹೊಕ್ಕರೂ ಕೀವಿಲ್ಲ, ಬಾವಿಲ್ಲ. ಅನೇಕ ವೇಳೆ ಜ್ವರವೊಂದೇ ಕುರುಹು. ಸ್ಟಿರಾಯ್ಡ್ ಸೇವಿಸುವವರಲ್ಲಿ ಅದೂ ಅಡಗಿರಬಹುದು.

ಆದುದರಿಂದಲೇ ವೈದ್ಯರು ರಕ್ತದಲ್ಲಿ ಸಾಕ್ಷಿಗಳನ್ನು ಹುಡುಕಿದರು. ಅವುಗಳಲ್ಲಿ ಹಳೆಯದು 1930ರಲ್ಲಿ ನ್ಯೂಯಾರ್ಕಿನಲ್ಲಿ ಗುರುತಿಸಲಾದ ಸಿಆರ್‌ಪಿ. ಉರಿಯೂತವೆದ್ದಾಗ ಯಕೃತ್ತು ಇದನ್ನು ರಕ್ತಕ್ಕೆ ಸುರಿಯುತ್ತದೆ. ಎರಡನೆಯದು ಪ್ರೊಕ್ಯಾಲ್ಸಿಟೋನಿನ್. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಇದು ಏರುವುದನ್ನು ಫ್ರಾನ್ಸಿನ ವೈದ್ಯರು 1993ರಲ್ಲಿ ಪ್ರಕಟಿಸಿದರು. ಇದು ಕೆಲವೇ ತಾಸುಗಳಲ್ಲಿ ಏರುವುದಾದರೆ, ಸಿಆರ್‌ಪಿ ತುಸು ನಿಧಾನ.

ಆದರೆ ಈ ಸಾಕ್ಷಿಗಳ ಮಾತನ್ನು ಪೂರ್ತಿ ನಂಬುವಂತಿಲ್ಲ. ದಾನಿಯ ಕೋಶಗಳು ರೋಗಿಯ ದೇಹದ ಮೇಲೆಯೇ ತಿರುಗಿಬಿದ್ದಾಗಲೂ ಸಿಆರ್‌ಪಿ ಏರುತ್ತದೆ. ಕಸಿಯ ಕಾಲದಲ್ಲಿ ಕೊಡುವ ಕೆಲವು ಔಷಧಿಗಳಿಂದ ಸೋಂಕಿಲ್ಲದೆಯೂ ಪ್ರೊಕ್ಯಾಲ್ಸಿಟೋನಿನ್ ಹೆಚ್ಚುವುದುಂಟು. ಇದಕ್ಕೆ ತದ್ವಿರುದ್ಧವಾಗಿ, ಸೋಂಕಿದ್ದರೂ ಮೊದಲ ದಿನದ ಅಂಕಿ ಸೌಮ್ಯವಾಗಿರಬಹುದು. ಒಂದು ದಿನದ ಚೀಟಿಗಿಂತ ನಾಲ್ಕಾರು ದಿನಗಳ ಏರಿಳಿತವನ್ನು ವೈದ್ಯರು ಹೆಚ್ಚು ಗಮನಿಸುವುದು ಇದಕ್ಕಾಗಿ.

ನಿಜಕ್ಕೂ ಮುಂಚಿತವಾಗಿ ಎಚ್ಚರಿಸುವ ಪರೀಕ್ಷೆ ಬೇರೊಂದಿದೆ. ನಮ್ಮಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಸೈಟೊಮೆಗಾಲೊ ಎಂಬ ವೈರಸ್ಸು ಮಲಗಿರುತ್ತದೆ. ದಾನಿಯಿಂದ ಕಸಿ ಪಡೆದವರಲ್ಲಿ ಅದು ಎಚ್ಚೆತ್ತು ಶ್ವಾಸಕೋಶ, ಕರುಳುಗಳನ್ನು ಕೆಡಿಸಬಲ್ಲದು. ಸುಮಾರು 100 ದಿನ, ವಾರಕ್ಕೊಮ್ಮೆ ಪಿಸಿಆರ್ ವಿಧಾನದಿಂದ ರಕ್ತ ನೋಡಿದರೆ, ರೋಗ ತಲೆಯೆತ್ತುವ ಮೊದಲೇ ಔಷಧಿ ಆರಂಭಿಸಬಹುದು. ರೋಗಿ ಲವಲವಿಕೆಯಿಂದ ಓಡಾಡುತ್ತಿರುವಾಗ, "ಆರಾಮ ಅದಾನ, ಈ ವಾರ ಬ್ಯಾಡ ಬಿಡ್ರಿ" ಎಂದು ಪರೀಕ್ಷೆ ತಪ್ಪಿಸುವ ಮನೆಗಳಿವೆ. ಬೆಂಗಳೂರು ದೂರ, ಖರ್ಚು ಬಹಳ ಎಂಬುದನ್ನು ನಾವು ಬಲ್ಲೆವು. ಆದರೂ ಆ ವಾರ ತಪ್ಪಿಸಬಾರದು. ರಕ್ತದ ಮಾದರಿಯನ್ನು ಸಮೀಪದಲ್ಲಿಯೇ ಕೊಡಲು ಸಾಧ್ಯವೇ ಎಂದು ಕಸಿ ಮಾಡಿದ ವೈದ್ಯರನ್ನೇ ಕೇಳಬೇಕು.

ಜ್ವರ ಬಂದರೆ? 100.4 ಡಿಗ್ರಿ ಮುಟ್ಟಿತೆಂದರೆ ರಾತ್ರಿ ಎರಡು ಗಂಟೆಯಾದರೂ ಕಸಿ ಕೇಂದ್ರಕ್ಕೆ ಫೋನ್ ಮಾಡಿ, ಸಮೀಪದ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಬಾಡಗಂಡಿಯಲ್ಲಿಯೇ ಈಗ ವೈದ್ಯಕೀಯ ಮಹಾವಿದ್ಯಾಲಯವಿದೆ. ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘದ ಕುಮಾರೇಶ್ವರ ಆಸ್ಪತ್ರೆಯಿದೆ. ತಾಸಿನೊಳಗೆ ಪ್ರತಿಜೀವಕ ರಕ್ತನಾಳಕ್ಕೆ ಸೇರುವುದು ಮುಖ್ಯ. ಕೇಳದೆ ಜ್ವರದ ಗುಳಿಗೆ ಕೊಟ್ಟರೆ ಇದ್ದ ಒಂದು ಕುರುಹೂ ಮರೆಯಾಗುತ್ತದೆ. ನಿನ್ನೆಯ ಸಿಆರ್‌ಪಿ ಚೆನ್ನಾಗಿತ್ತೆಂದು ಬೆಳಗಿನವರೆಗೆ ಕಾಯುವುದಂತೂ ಸಲ್ಲದು.

ಇನ್ನು ಕಾಣಲು ಹೋಗುವವರ ಮಾತು. ನೆಗಡಿ ಕೆಮ್ಮಿದ್ದವರು ಮನೆಯಲ್ಲಿಯೇ ಇರಲಿ. ಉಳಿದವರು ಬಾಗಿಲಾಚೆ ನಿಂತು ಕ್ಷೇಮ ವಿಚಾರಿಸಲಿ. ಹಳೆಯ ಕಣಿಕೆಯ ಬಣವೆ ಕೆದಕಿದಾಗ ಏಳುವ ಧೂಳಿನಲ್ಲಿ ಶ್ವಾಸಕೋಶಕ್ಕಿಳಿಯುವ ಬೂಷ್ಟಿನ ಕಣಗಳಿರುತ್ತವೆ. ಅದರ ಸುಳಿವಿಗೂ ಗ್ಯಾಲಕ್ಟೊಮನ್ನನ್ ಎಂಬ ರಕ್ತಪರೀಕ್ಷೆಯುಂಟು. ಆದರೂ ದನದ ಕೊಟ್ಟಿಗೆಗೆ ತಾಗಿದ ಕೋಣೆಯನ್ನು ಬಿಟ್ಟು, ರೋಗಿಯ ಹಾಸಿಗೆಯನ್ನು ಬೇರೆಡೆ ಹಾಕುವುದು ಸುಲಭ.